ಬಾಜು ಗಾಡಿಯ ಎಡಗಡೆ ಸೀಟು

ಹೊಸಕೋಟೆ
5 ಜನವರಿ 2025

ಪ್ರಿಯ ನಗ್ಮಾ,

ಹೊಸ ವರ್ಷಕ್ಕೆ ನೀನು ಕಳಿಸಿದ ಗುಲಾಬಿ ನನ್ನ ಫೋನಿಗೆ ಬಂತು. ನಾನು ಕಳಿಸಿದ ದೀಪ ನಿನಗೂ ತಲುಪಿರಬೇಕು. ಫೋನಿನಲ್ಲಿ ಹೂವು ದೀಪ ಮಾತ್ರ, ಹೇಳಬೇಕಾದದ್ದೆಲ್ಲ ಕಾಗದದಲ್ಲಿ ಎಂಬ ಒಪ್ಪಂದವನ್ನು ನಾವಿಬ್ಬರೂ ಇನ್ನೂ ಮುರಿದಿಲ್ಲ. ಆದ್ದರಿಂದ ಈ ಕಾಗದ.

ನಿನ್ನೆ ನನ್ನ ಮಗಳು ಸಿಂಚನ ಅಡುಗೆಮನೆಗೆ ಓಡಿಬಂದು ಫೋನನ್ನು ಮುಖಕ್ಕೆ ಹಿಡಿದಳು. "ಅಮ್ಮಾ, ಇದು ದೊಡ್ಡಬಳ್ಳಾಪುರದ ನಗ್ಮಾ ಆಂಟಿ ಅಲ್ವಾ? ಏನಿದು, ಜಟಕಾಗೆ ಪೆಡಲ್ ಹಾಕ್ಸಿದ್ದಾರಾ?"

ಹೌದು, ನೀನೇ. ನಿಮ್ಮ ಅಂಗಡಿಯ ಮುಂದಿನ ಬೀದಿ. ಎದೆಯೆತ್ತರದ ಎರಡು ಚಕ್ರ, ಅವುಗಳ ನಡುವೆ ಅಕ್ಕಪಕ್ಕ ಎರಡು ಸೀಟು, ಮುಂದೆ ಒಂದು ಪುಟ್ಟ ಚಕ್ರ. ಬಾಜು ಗಾಡಿ! ಇಪ್ಪತ್ತೈದು ವರ್ಷದ ನಂತರ ಅದನ್ನು ನೋಡಿದ್ದು. ನೋಡಿದ್ದು ಅಟ್ಟದ ಮೇಲಲ್ಲ, ನೆಲದ ಮೇಲೆ, ಅದೂ ಓಡುತ್ತಿರುವುದನ್ನು.

ನಿನಗೆ ನೆನಪಿದೆಯೋ ಇಲ್ಲವೋ. ಎಂ.ಎ. ಓದುವಾಗ ನಾನು ನಿಮ್ಮೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಸಂಜೆ ಯೂನಿವರ್ಸಿಟಿಯಿಂದ ಬಸ್ಸಿಳಿದು ನೇರ ನಿಮ್ಮ ಸೈಕಲ್ ಅಂಗಡಿಯ ಅಟ್ಟ ಹತ್ತುತ್ತಿದ್ದೆವು. ನಿಮ್ಮಬ್ಬ ಖಲೀಲುಲ್ಲಾ ಸಾಹೇಬರು ಕೆಳಗಿನಿಂದ ಕೂಗುತ್ತಿದ್ದರು: "ಹುಷಾರಮ್ಮಾ, ಅದು ನಮ್ಮ ಅಜ್ಜನಿಗೆ ಇಂಗ್ಲೆಂಡಿನ ಅಕ್ಕ-ತಂಗೀರು ಕೊಟ್ಟಿದ್ದು. ರಾಣಿ ವಿಕ್ಟೋರಿಯಾ ಕಾಲದ್ದು. ನಿಮಗಿಂತ ವಯಸ್ಸಾಗಿದೆ, ಮರ್ಯಾದೆ ಕೊಡಿ!" ಚೈನಿಲ್ಲ, ಒಂದು ಚಕ್ರಕ್ಕೆ ಕಡ್ಡಿಗಳಿಲ್ಲ. ಆದರೂ ಬಲಗಡೆ ನೀನು, ಎಡಗಡೆ ನಾನು ಕೂತು ಗಾಳಿಯಲ್ಲಿ ಪೆಡಲ್ ತುಳಿಯುತ್ತ ನೋಟ್ಸ್ ಓದುತ್ತಿದ್ದೆವು. ನಾನು ರೊಟ್ಟಿ ತಂದರೆ ಚಟ್ನಿ ನಿನ್ನದು. "ಇವತ್ತು ಎಲ್ಲೀವರೆಗೆ ಹೋದ್ವಿ?" ಎಂದು ನೀನು ಕೇಳಿದರೆ, "ಮಧುರೆ ಕೆರೆ ಏರಿವರೆಗೆ" ಎಂದು ನಾನು. ಯಾಕೆ ಮಧುರೆಯೇ, ಈಗ ತಿಳಿಯದು. ಹೆಸರು ಚೆನ್ನಾಗಿತ್ತು ಎಂದಿರಬೇಕು.

ಗಾಡಿ ಚೆನ್ನಾಗಿ ಕಾಣುತ್ತಿದೆ. ತುಂಬ ಸಂತೋಷ.

ಎಡಗಡೆ ಸೀಟಿನಲ್ಲಿ ಕೂತಿರುವ ಹುಡುಗಿ ಯಾರು?

ನಿನ್ನ
ಮುನಿಲಕ್ಷ್ಮಿ


ದೊಡ್ಡಬಳ್ಳಾಪುರ
14 ಜನವರಿ 2025

ಮುನ್ನಿ,

ಸಂಕ್ರಾಂತಿಯ ಎಳ್ಳು-ಬೆಲ್ಲ ಈ ಕಾಗದದೊಳಗೆ ಬಂತೆಂದು ತಿಳಿದುಕೋ. ನೀನು "ಮುನಿಲಕ್ಷ್ಮಿ" ಎಂದು ಪೂರ್ತಿ ಹೆಸರಿನ ರುಜು ಹಾಕಿದಾಗಲೆಲ್ಲ ನನಗೆ ಏನೋ ಅನುಮಾನ. ಮುನ್ನಿ ಎಲ್ಲಿ ಹೋದಳು?

ಅವಳು ರಮ್ಯ. ದೇವನಹಳ್ಳಿಯವಳು, ಏರ್‌ಪೋರ್ಟಿನಲ್ಲಿ ಸರಕು ವಿಭಾಗದ ಕೆಲಸ. ಮೂವತ್ತೆರಡು ವರ್ಷ. ರಜೆಯ ದಿನ ಸೈಕಲ್ ಹತ್ತಿ ಊರೂರು ಸುತ್ತುತ್ತಾಳೆ. ಜೂನ್‌ನಲ್ಲಿ ಬ್ರೇಕ್ ವೈರ್ ತುಂಡಾಗಿ ನಮ್ಮ ಅಂಗಡಿಗೆ ಬಂದಳು. ಸಮೀರ್ ವೈರ್ ಹುಡುಕುತ್ತಿದ್ದಾಗ ತಲೆಯೆತ್ತಿ ಅಟ್ಟ ನೋಡಿದವಳು ಅಲ್ಲೇ ನಿಂತುಬಿಟ್ಟಳು. "ಅಣ್ಣಾ, ಅದೇನ್ ಅಣ್ಣಾ ಅದು?" ಸಮೀರ್ ಎಂದ, "ಅದಾ? ಗುಜರಿ." ಶಾಲೆಯಿಂದ ಬಂದ ನನಗೆ ಅದು ಕೇಳಿಸಿ ಕೋಪ ಬಂತು. ನನ್ನ ತಮ್ಮನಿಗೆ ಅಬ್ಬನ ಅಂಗಡಿ ಬಂದಿದೆ, ಅಬ್ಬನ ಕಣ್ಣು ಬಂದಿಲ್ಲ. ಅವತ್ತೇ ಗಾಡಿ ಕೆಳಗಿಳಿಸುವುದೆಂದು ತೀರ್ಮಾನಿಸಿದೆ.

ಆರು ತಿಂಗಳು ಹಿಡಿಯಿತು. ಮಗ್ಗ ರಿಪೇರಿ ಮಾಡುವ ಬೀರೇಶ್ ಗೊತ್ತಲ್ಲ, ಅವನೇ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಎಳೆದುಕೊಟ್ಟ. ಚೈನಿಗೆ ಪವರ್‌ಲೂಮಿನ ಹಳೆಯ ಚೈನನ್ನೇ ಕತ್ತರಿಸಿ ಕೂಡಿಸಿದ. ಹಾಗಾಗಿ ಗಾಡಿ ಓಡುವಾಗ ಪಕ್ಕದ ಮನೆಯಲ್ಲಿ ಸೀರೆ ನೇಯುತ್ತಿರುವ ಹಾಗೆ ಸದ್ದು! ಗಾಳಿ ಇಲ್ಲದ ಗಟ್ಟಿ ರಬ್ಬರಿನ ಟೈರನ್ನು ರಮ್ಯ ಎಲ್ಲಿಂದಲೋ ತರಿಸಿದಳು.

ಅಟ್ಟದ ಮೇಲೆ ಕೂತಾಗ ನಮಗೆ ತಿಳಿಯದ ಒಂದು ಗುಟ್ಟು ಹೇಳುತ್ತೇನೆ. ಎರಡು ದೊಡ್ಡ ಚಕ್ರಗಳಿಗೂ ನಂಟಿಲ್ಲ. ಬಲಗಡೆ ಕೂತವರು ಬಲಚಕ್ರ ತುಳಿಯಬೇಕು, ಎಡಗಡೆಯವರು ಎಡಚಕ್ರ. ತಿರುಗಿಸುವ ಹಿಡಿ ಬಲಗಡೆ ಮಾತ್ರ. ಒಬ್ಬರು ಜೋರಾಗಿ ತುಳಿದರೋ, ಗಾಡಿ ಇನ್ನೊಬ್ಬರ ಕಡೆಗೆ ವಾಲಿ ತಿರುಗುತ್ತದೆ. ರಮ್ಯಳ ಕಾಲು ಕಬ್ಬಿಣ. ನನ್ನ ಬಲಮಂಡಿ ನಿನಗೆ ಗೊತ್ತೇ ಇದೆ. ಮೊದಲ ದಿನ ಅಂಗಡಿ ಮುಂದೆ ಬರೀ ಸುತ್ತಿದೆವು. ಟೀ ಅಂಗಡಿಯ ಅಪ್ಪಯ್ಯಣ್ಣ ಗ್ಲಾಸ್ ಹಿಡಿದು ನಿಂತು, "ಏನ್ ಮೇಡಂ, ಎಣ್ಣೆ ಗಾಣ ಹಾಕಿದ್ದೀರಾ? ಕೊಬ್ಬರಿ ತರ್ಲಾ?" ಅಂದ. ನಗು ತಡೆಯಲಾರದೆ ಇಬ್ಬರೂ ತುಳಿಯುವುದನ್ನು ಬಿಟ್ಟೆವು. ಆಗ ಗಾಡಿ ನೇರ ಹೋಯಿತು.

ಇನ್ನೊಂದು ವಿಷಯವಿದೆ. ಈಗ ಹೇಳುವುದಿಲ್ಲ.

ನಿನ್ನ ಸೊಂಟದ ಸುತ್ತಳತೆ ಈಗ ಎಷ್ಟು? ಸುಮ್ಮನೆ ಕೇಳಿದೆ. ಮರೆಯದೆ ಬರೆ.

ನಗ್ಮಾ


ಹೊಸಕೋಟೆ
20 ಜನವರಿ 2025

ಪ್ರಿಯ ನಗ್ಮಾ,

ನನ್ನ ಸೊಂಟದ ಸುತ್ತಳತೆ ನಲವತ್ತೆಂಟು ವರ್ಷದವಳಿಗೆ ಇರಬೇಕಾದಷ್ಟಿದೆ. ನಲವತ್ತು ಇಂಚು ಎಂದು ಬರೆದರೆ ನಿನ್ನ ಕುತೂಹಲ ತಣಿಯುತ್ತದೆಯೆ? ಮೂವತ್ತೆರಡರ ಹುಡುಗಿಯನ್ನು ದಿನಾ ಪಕ್ಕದಲ್ಲಿ ನೋಡಿ ಹೀಗೆಲ್ಲ ಕೇಳಬೇಕೆನಿಸುತ್ತದೆ, ನಿನ್ನ ತಪ್ಪಲ್ಲ.

ಆ ವಿಡಿಯೋ ಇನ್ನೊಮ್ಮೆ ನೋಡಿದೆ. ಸಿಂಚನಳ ಫೋನು ಕೇಳಿ ತೆಗೆದುಕೊಂಡು ನೋಡಿದೆ ಎನ್ನುವುದೇ ಸರಿ. ಅದರಲ್ಲಿ ಅವಳು ನಿನ್ನನ್ನು "ಆಪಾ" ಎಂದು ಕರೆಯುವುದು ಕೇಳಿಸಿತು. ಆರು ತಿಂಗಳಿಗೆ ನೀನು ಅಕ್ಕ, ಆಪಾ! ನಾನು ನಿನ್ನನ್ನು ನಗ್ಮಾ ಎನ್ನಲು ಒಂದು ವರ್ಷ ತೆಗೆದುಕೊಂಡಿದ್ದೆ. ಮೊದಲ ವರ್ಷವಿಡೀ "ನೀವು" ಎಂದೇ ಕರೆಯುತ್ತಿದ್ದೆ, ನೀನು ರೇಗಿಸುತ್ತಿದ್ದೆ. ಕಾಲ ಬದಲಾಗಿದೆ.

ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡ. ನೂರ ನಲವತ್ತು ವರ್ಷದ ಗಾಡಿಯನ್ನು ಟಾರು ರಸ್ತೆಗೆ ಇಳಿಸುವುದು ಸರಿಯೆ? ಕಬ್ಬಿಣಕ್ಕೂ ಆಯಾಸವಿರುತ್ತದಂತೆ, ಹೊರಗೆ ಕಾಣದ ಬಿರುಕುಗಳು ಒಳಗೆ ಬೆಳೆಯುತ್ತಿರುತ್ತವಂತೆ. ನಮ್ಮ ಕಾಲೇಜಿನ ಭೌತಶಾಸ್ತ್ರದವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಕೆಲವು ವಸ್ತುಗಳು ಅಟ್ಟದ ಮೇಲಿದ್ದರೇ ಚೆಂದ. ಅಲ್ಲಿದ್ದಾಗ ಅದಕ್ಕೆ ಒಂದು ಘನತೆಯಿತ್ತು. ಈಗ ಯಾರು ಯಾರೋ ಹೆಬ್ಬೆರಳಿಂದ ಸರಿಸಿ ಮುಂದೆ ಹೋಗುವ ಮೂವತ್ತು ಸೆಕೆಂಡು ಅದು.

ಅವಳು ಏನು ಓದುತ್ತಾಳೆ? ಕವಿತೆ ಓದುತ್ತಾಳೆಯೆ?

ನೀನು ಈಗ ಹೇಳುವುದಿಲ್ಲ ಎಂದ ವಿಷಯವನ್ನು ನಾನು ಕೇಳುವುದಿಲ್ಲ.

ಮುನಿಲಕ್ಷ್ಮಿ


ದೊಡ್ಡಬಳ್ಳಾಪುರ
6 ಫೆಬ್ರವರಿ 2025
(ಅಂಚೆ ಕಾರ್ಡು)

ಮುನ್ನಿ, ಶಾಲೆಯಲ್ಲಿ ಪರೀಕ್ಷೆ ಕೆಲಸ, ಕಾರ್ಡಿನಷ್ಟೇ ಬಿಡುವು. ನಲವತ್ತು ಇಂಚಿಗೆ ಧನ್ಯವಾದ. ವಿಷಯ ಇಷ್ಟೇ: ಇದೇ 16ನೇ ತಾರೀಖು ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ಬಾಜು ಗಾಡಿಯಲ್ಲಿ ಮಧುರೆಗೆ ಹೊರಡುತ್ತೇವೆ. ಅಂಗಡಿ ಮುಂದಿನಿಂದ. ಕೆರೆ ಏರಿಯವರೆಗೆ, ನಿಜವಾಗಿ! ರಮ್ಯಳೂ ಇರುತ್ತಾಳೆ. ಬಿಸಿಲೇರುವ ಮೊದಲು ಸೇರಬೇಕು. ಮಂಡಿಗೆ ದಿನಾ ಎಣ್ಣೆ ತಿಕ್ಕುತ್ತಿದ್ದೇನೆ. ಚಟ್ನಿ ನನ್ನದು. ನಗ್ಮಾ


ಹೊಸಕೋಟೆ
10 ಫೆಬ್ರವರಿ 2025

ಶ್ರೀ ಸಮೀರ್ ಅವರಿಗೆ,

ನಮಸ್ಕಾರ. ನಾನು ಮುನಿಲಕ್ಷ್ಮಿ, ನಿಮ್ಮ ಅಕ್ಕನ ಗೆಳತಿ. ನೀವು ಹೈಸ್ಕೂಲಿನಲ್ಲಿದ್ದಾಗ ಅಟ್ಟದ ಮೇಲೆ ನಮಗೆ ಟೀ ತಂದುಕೊಡುತ್ತಿದ್ದಿರಿ. ಈಗ ಅಂಗಡಿಯನ್ನೂ ಮನೆಯನ್ನೂ ನೀವೇ ನೋಡಿಕೊಳ್ಳುತ್ತಿರುವುದು ತಿಳಿದು ಸಂತೋಷ.

ಕಾಳಜಿಯಿಂದ ಈ ಕಾಗದ. ಮುಂದಿನ ಭಾನುವಾರ ನಗ್ಮಾ ಆ ಹಳೆಯ ಗಾಡಿಯಲ್ಲಿ ಮಧುರೆಯವರೆಗೆ ಹೋಗಲಿದ್ದಾಳಂತೆ. ಆ ರಸ್ತೆಯಲ್ಲಿ ಟಿಪ್ಪರುಗಳ ಓಡಾಟ ನಿಮಗೆ ಗೊತ್ತಿಲ್ಲದ್ದಲ್ಲ. ಗಾಡಿ ಮುದಿಯಾಗಿದೆ, ನಗ್ಮಾಳ ಮಂಡಿಯೂ ಸರಿಯಿಲ್ಲ. ಜೊತೆಗಿರುವ ಹುಡುಗಿಗೆ ಇದೆಲ್ಲ ಆಟ, ವಿಡಿಯೋ ಹಾಕಿ ಅವಳು ತನ್ನ ಊರಿಗೆ ಹೋಗುತ್ತಾಳೆ. ಊರಲ್ಲಿ ಇರಬೇಕಾದವರು ನೀವು. ನಿಮ್ಮ ಮನೆಯ ಹೆಣ್ಣುಮಗಳು, ಶಾಲೆಯ ಟೀಚರ್, ಹೀಗೆ ಎಲ್ಲರ ಫೋನಿನಲ್ಲಿ ತಮಾಷೆಯಾಗುವುದು ನಿಮಗೂ ಹಿತವಿರಲಾರದು. ಹೇಳುವ ಸ್ಥಾನದಲ್ಲಿ ನೀವಿದ್ದೀರಿ.

ನಾನು ಬರೆದೆ ಎಂದು ಅವಳಿಗೆ ತಿಳಿಯಬೇಕಾಗಿಲ್ಲ.

ಇಂತಿ,
ಕೆ. ಮುನಿಲಕ್ಷ್ಮಿ
ಕನ್ನಡ ಉಪನ್ಯಾಸಕಿ


ದೊಡ್ಡಬಳ್ಳಾಪುರ
16 ಫೆಬ್ರವರಿ 2025, ಮಧ್ಯಾಹ್ನ

ಮುನಿಲಕ್ಷ್ಮಿ ಅವರಿಗೆ,

ಆರು ಗಂಟೆಗೆ ಅಂಗಡಿ ಮುಂದಿದ್ದೆ. ಚಟ್ನಿ ಡಬ್ಬಿ ಇತ್ತು, ಹುಚ್ಚೆಳ್ಳಿನದು. ಹೊಸಕೋಟೆಯಿಂದ ಮೊದಲ ಬಸ್ಸಿಗೆ ಹೊರಟರೆ ಆರೂವರೆಗೆ ತಲುಪುವುದು ಕಷ್ಟ ಎಂದು ಏಳರವರೆಗೆ ಕಾದೆ. ಫೋನ್ ಮಾಡಿದೆ, ಮೂರು ಸಲ. ಏಳೂವರೆಯವರೆಗೆ ಕಾದೆ. ರಮ್ಯ ತನ್ನ ಸೈಕಲ್ ಹಿಡಿದು ನಿಂತಿದ್ದಳು. ನಮ್ಮ ಹಿಂದೆ ಲಾರಿಗಳಿಗೆ ಕೈತೋರಿಸುತ್ತ ಬರಲು ಒಪ್ಪಿದ್ದಳು ಅವಳು. ಕೆಂಪು ಬಾವುಟವನ್ನೂ ಹೊಲಿದುಕೊಂಡು ಬಂದಿದ್ದಳು.

ಕೊನೆಗೆ ಸಮೀರ್ ಬಂದ. ಗಾಡಿಯ ಎಡಗಡೆ ಚೈನನ್ನು ಅವನು ಹಿಂದಿನ ದಿನವೇ ಬಿಚ್ಚಿಟ್ಟಿದ್ದ. ಅದನ್ನು ನಾನು ನೋಡಿರಲಿಲ್ಲ.

"ಯಾಕೋ?" ಎಂದೆ.

"ಯಾಕೆ ಅಂತ ನನ್ನ ಯಾಕೆ ಕೇಳ್ತೀಯಾ ಆಪಾ? ನಿನ್ನ ಫ್ರೆಂಡೇ ಬರ್ದಿದ್ದಾರೆ, ನಿಲ್ಸು ಅಂತ."

"ಯಾವ ಫ್ರೆಂಡು?"

"ನಿನಗೆ ಎಷ್ಟು ಜನ ಇದಾರೆ?"

ನಾನು ನಂಬಲಿಲ್ಲ. ಕವರ್ ತೋರಿಸಿದ. ದೊಡ್ಡಬಳ್ಳಾಪುರದ "ಳ್ಳಾ" ಒತ್ತನ್ನು ಬಾಲ ಎಳೆದು ಬರೆಯುವವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ನಂಬಿದೆ.

ಎಡಗಡೆ ಸೀಟಿಗೆ ಹೊಸ ಚರ್ಮ ಹೊಲಿಸಿದ್ದೆ. ಹಳೆಯದು ರಮ್ಯಳಿಗೇ ಸಣ್ಣದಾಗುತ್ತಿತ್ತು. ನಲವತ್ತು ಇಂಚಿನವರಿಗೆ ಆರಾಮವಾಗುವಂತೆ, ಕೆಳಗೆ ಎರಡು ಸ್ಪ್ರಿಂಗ್ ಹೆಚ್ಚು ಹಾಕಿಸಿದ್ದೆ.

ನಾವು ಹೊರಡುತ್ತೇವೆ ಎಂದು ಬರೆದಿದ್ದೆ. ನಾವು ಎಂದರೆ ಯಾರು ಅಂದುಕೊಂಡಿರಿ?

ನಗ್ಮಾ


ಹೊಸಕೋಟೆ
21 ಫೆಬ್ರವರಿ 2025

ನಗ್ಮಾ,

ನೀವು ಎಂದು ಬರೆದಿದ್ದೀಯ. ಅದು ನನಗೆ ಸಲ್ಲಬೇಕಾದದ್ದೇ.

ಕಾರ್ಡನ್ನು ಎಷ್ಟು ಸಲ ಓದಿದೆನೋ. ಮೊದಲ ಸಲ ಓದಿದಾಗ "ನಾವು" ಎಂಬಲ್ಲಿ ನನಗೆ ಕಂಡದ್ದು ನೀನು ಮತ್ತು ರಮ್ಯ. "ರಮ್ಯಳೂ ಇರುತ್ತಾಳೆ" ಎಂಬುದು ಹೊಟ್ಟೆ ಉರಿಸಲೆಂದೇ ಬರೆದಂತೆ ಕಂಡಿತು. "ಚಟ್ನಿ ನನ್ನದು" ಎಂಬಲ್ಲಂತೂ ಕಾರ್ಡನ್ನು ಮೇಜಿನ ಮೇಲೆ ಮಗುಚಿ ಇಟ್ಟೆ. ನಮ್ಮ ಚಟ್ನಿಯನ್ನೂ ಅವಳಿಗೆ ಕೊಟ್ಟಳು ಎಂದುಕೊಂಡೆ. ಈಗ ಓದಿದರೆ ಅದೇ ಎರಡು ಪದ ರೊಟ್ಟಿ ತಾರೇ ಎಂದು ಕೂಗುತ್ತಿವೆ.

ನಾನು ಮಕ್ಕಳಿಗೆ ವ್ಯಾಕರಣ ಹೇಳಿಕೊಡುವವಳು. ಉತ್ತಮ ಪುರುಷ, ಬಹುವಚನ: ನಾವು. ಒಂದೇ ಒಂದು. ಆದರೆ ನಾನು ಹುಟ್ಟಿದ ಮನೆಯಲ್ಲಿ ಎರಡಿದ್ದವು. ನಮ್ಮವ್ವ ತೆಲುಗಿನಲ್ಲಿ "ಮನಂ" ಎಂದರೆ ಕೇಳುತ್ತಿರುವ ನೀನೂ ಸೇರಿದ ನಾವು. "ಮೇಮು" ಎಂದರೆ ನಿನ್ನನ್ನು ಬಿಟ್ಟ ನಾವು. ಪಕ್ಕದ ಮನೆಯ ನರಸಮ್ಮ ಮದುವೆ ಮಾತು ಹೇಳಲು ಬಂದಾಗ, ನಮ್ಮನ್ನು ಕರೆದಳೋ ಇಲ್ಲವೋ ಎಂದು ಅವ್ವ ಆ ಒಂದು ಪದ ಕೇಳಿಯೇ ತಿಳಿದುಕೊಳ್ಳುತ್ತಿದ್ದಳು. ನಿನ್ನ ದಖನಿಯಲ್ಲೂ ಹಾಗೇ ಅಲ್ಲವೆ? "ಅಪನ್" ಎಂದರೆ ಎಲ್ಲರೂ, "ಹಮೇ" ಎಂದರೆ ಹೇಳುವವರು ಮಾತ್ರ. ಅಟ್ಟದ ಮೇಲೆ ಒಂದು ದಿನ ನಾವು ಇದನ್ನು ಹೋಲಿಸಿ ಆಶ್ಚರ್ಯಪಟ್ಟಿದ್ದೆವು. ಇಬ್ಬರೂ ಎರಡೆರಡು "ನಾವು" ಇದ್ದ ಮನೆಗಳಿಂದ ಬಂದು, ಒಂದೇ ಇರುವ ಭಾಷೆಯಲ್ಲಿ ಗೆಳತಿಯರಾದೆವು. ಇಷ್ಟು ವರ್ಷ ಆ ಒಂದರಲ್ಲಿ ನಾನಿದ್ದೇನೋ ಇಲ್ಲವೋ ಎಂದು ಯೋಚಿಸಬೇಕಾಗಿಯೇ ಬರಲಿಲ್ಲ.

ಇದನ್ನೆಲ್ಲ ಬರೆದು ಭಾಷೆಯ ಮೇಲೆ ತಪ್ಪು ಹೊರಿಸಿದೆ ಎಂದುಕೊಳ್ಳಬೇಡ. ಪದ ಎರಡೂ ಕಡೆ ತೆರೆದಿತ್ತು. ಒಳಗೆ ಬಾರದೆ ಹೊರಗೆ ನಿಂತು ಚಿಲಕ ಹಾಕಿದ್ದು ನಾನು. ಕವಿತೆಯ ಒಂದೊಂದು ಸಾಲಿಗೆ ಮೂರು ಅರ್ಥ ಹೇಳುವವಳಿಗೆ ನಿನ್ನ ಕಾರ್ಡಿಗೆ ಎರಡನೆಯದು ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ನಿನ್ನ ಮೂರು ಕರೆಗಳೂ ಬಂದಾಗ ಫೋನ್ ನನ್ನ ಮುಂದೆಯೇ ಇತ್ತು. ದಾರಿಯಲ್ಲಿ ನಿಂತು "ನೋಡೇ, ಹೊರಟ್ವಿ" ಎಂದು ಹೇಳಲು ಮಾಡುತ್ತಿದ್ದೀಯೆಂದು ಸದ್ದಡಗಿಸಿ, ಅದು ಬೆಳಗಿ ಆರುವುದನ್ನು ನೋಡುತ್ತ ಕೂತಿದ್ದೆ.

ಸಮೀರ್‌ಗೆ ಬರೆದದ್ದಕ್ಕೆ ಯಾವ ವ್ಯಾಕರಣವೂ ಇಲ್ಲ. ಟಿಪ್ಪರುಗಳ ಭಯ ನಿಜ, ಆದರೆ ನಾನು ಬರೆದದ್ದು ಭಯದಿಂದಲ್ಲ. ಮನೆಯ ಹೆಣ್ಣುಮಗಳು ಎಂದು ಬರೆದೆ. ಆ ಮಾತನ್ನು ನನ್ನಣ್ಣ ನನಗೆ ಹೇಳಿದ್ದಾಗ ನೀನು ಅವನ ಜೊತೆ ರಸ್ತೆಯಲ್ಲೇ ಜಗಳವಾಡಿದ್ದೆ. ಅದೇ ಮಾತನ್ನು ಹುಡುಕಿ ತೆಗೆದು ನಿನ್ನ ತಮ್ಮನ ಕೈಗೆ ಕೊಟ್ಟೆ. ಯಾವ ಮಾತು ಅವನಿಗೆ ನಾಟುತ್ತದೆ ಎಂದು ನನಗೆ ಗೊತ್ತಿತ್ತು.

ಹೊಟ್ಟೆಕಿಚ್ಚು, ನಗ್ಮಾ. ಅಸೂಯೆ, ಮತ್ಸರ ಎಂದೆಲ್ಲ ಬರೆದು ನೋಡಿ ಹೊಡೆದುಹಾಕಿದೆ. ಅವು ಪುಸ್ತಕದಲ್ಲಿ ಇರುವಂಥವು. ಇದು ಹೊಟ್ಟೆಯಲ್ಲೇ ಇತ್ತು.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಬರೆದೆ ಎಂದೇ ತಿಳಿದುಕೋ.

ಮುನ್ನಿ


ಹೊಸಕೋಟೆ
2 ಏಪ್ರಿಲ್ 2025

ನಗ್ಮಾ,

ನಿನ್ನ ಉತ್ತರವಿಲ್ಲ. ಇರಬೇಕೆಂದೂ ಇಲ್ಲ.

ಈ ಸಲ ಯುಗಾದಿ ಮತ್ತು ನಿಮ್ಮ ರಂಜಾನ್ ಹಬ್ಬ ಅಕ್ಕಪಕ್ಕ ಬಂದು ಕೂತಿದ್ದವು, ಭಾನುವಾರ ಒಂದು, ಸೋಮವಾರ ಇನ್ನೊಂದು. ಪ್ರತಿ ವರ್ಷ ನಿನ್ನ ಶೀರ್ ಖುರ್ಮಾ ಬರುವ ಸ್ಟೀಲ್ ಡಬ್ಬಿಗೆ ಹೋಳಿಗೆ ತುಂಬಿದೆ. ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ ಬಂದೆ. ಸಿಂಚನ ಕೇಳಿದಳು, "ಯಾಕಮ್ಮಾ, ಬಸ್ ಸಿಗ್ಲಿಲ್ವಾ?" ಇಲ್ಲ ಎಂದೆ.

ಫೋನಿಗೆ ಹೂವು ಕಳಿಸಲಿಲ್ಲ. ನೀನೂ ಕಳಿಸಲಿಲ್ಲ. ಅದಾದರೂ ನಾವಿಬ್ಬರೂ ಒಟ್ಟಿಗೆ ಮಾಡಿದ್ದು.

ಮುನ್ನಿ


ದೇವನಹಳ್ಳಿ
23 ಏಪ್ರಿಲ್ 2025

ಮುನಿಲಕ್ಷ್ಮಿ ಆಂಟಿ,

ನಾನು ರಮ್ಯ. ನಿಮ್ಮ ವಿಳಾಸವನ್ನು ಆಪಾ ಮೇಜಿನ ಮೇಲಿದ್ದ ಕವರ್ ನೋಡಿ ಬರ್ಕೊಂಡೆ. ಅವರಿಗೆ ಗೊತ್ತಿಲ್ಲ. ನಿಮಗೆ ಮೆಸೇಜ್ ಮಾಡಬಹುದಿತ್ತು, ಆದರೆ ನೀವಿಬ್ಬರು ಕಾಗದದಲ್ಲಿ ಬರೆದದ್ದನ್ನು ಮಾತ್ರ ನಂಬ್ತೀರಂತೆ. ಕನ್ನಡದಲ್ಲಿ ಇಷ್ಟುದ್ದ ಕೈಯಲ್ಲಿ ಬರೆದು ಹತ್ತು ವರ್ಷ ಆಯ್ತು, ತಪ್ಪಿದ್ದರೆ ಕೆಂಪು ಪೆನ್ನು ತಗೋಬೇಡಿ ಪ್ಲೀಸ್.

ಗಾಡಿ ಫೆಬ್ರವರಿಯಿಂದ ಹಾಗೇ ನಿಂತಿದೆ. ಸಮೀರಣ್ಣ ಚೈನ್ ವಾಪಸ್ ಕೊಟ್ಟಾಯ್ತು. ಆಪಾ ಅವರಿಗೆ ಏನು ಹೇಳಿದರೋ, ಈಗ ಅವರೇ ವಾರಕ್ಕೊಂದ್ಸಲ ಎಣ್ಣೆ ಬಿಡ್ತಾರೆ. ಆದರೆ ಆಪಾ ಹತ್ತಲ್ಲ. "ನಾನು ಎಡಗಡೆ ಕೂರ್ತೀನಿ, ಬನ್ನಿ ಹೋಗೋಣ" ಅಂತ ಕೇಳಿದೆ. "ನೀನು ಟೆಸ್ಟಿಂಗ್‌ಗೆ ಕೂತಿದ್ದು, ಅಷ್ಟೇ" ಅಂದ್ಬಿಟ್ಟರು. ಒಬ್ಬರೇ ಓಡಿಸೋಣ ಅಂದ್ರೆ ಗಾಡಿ ಸುತ್ತುತ್ತೆ. ಎರಡೂ ಚಕ್ರ ಸೇರಿಸಿ ಒಂದೇ ಆಕ್ಸಲ್ ಹಾಕಿದ್ರೆ ಒಬ್ಬರೇ ಓಡಿಸಬಹುದು, ಬೀರೇಶಣ್ಣ ಮಾಡಿಕೊಡ್ತೀನಿ ಅಂದರು. ಅದಕ್ಕೆ ಆಪಾ ಕೊಟ್ಟ ನೋಟ ನೀವು ನೋಡಬೇಕಿತ್ತು.

ನಿಮಗೆ ಒಂದು ವಿಷಯ ಹೇಳಬೇಕು ಅಂತಾನೇ ಬರೀತಿರೋದು. ಆರು ತಿಂಗಳು ಭಾನುವಾರ ಭಾನುವಾರ ಬಂದು ಆ ಗಾಡಿಯ ತುಕ್ಕು ಉಜ್ಜಿದವಳು ನಾನು. ಉಗುರೆಲ್ಲ ಹೋಯ್ತು. ಅಷ್ಟು ದಿನವೂ ಕೇಳಿದ್ದು ಬರೀ ಮುನ್ನಿ. ಮುನ್ನಿ ಹೀಗಂದಿದ್ದಳು, ಇಲ್ಲಿ ಮುನ್ನಿ ಸೀರೆ ಸಿಕ್ಕಿಕೊಂಡು ಹರಿದಿತ್ತು, ಈ ಪೆಡಲ್ ಮುನ್ನಿದು. ನಾನು ಸೀಟಿನಲ್ಲಿ ಕೂತಿದ್ರೂ ಆ ಸೀಟು ಖಾಲಿ ಇದ್ದ ಹಾಗೇ ಮಾತಾಡ್ತಿದ್ರು. ನಿಮ್ಮನ್ನ ನೋಡದೇನೇ ನಿಮ್ಮ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ ಆಂಟಿ?

ಆಪಾಗೆ ಇನ್ನೊಂದು ಕಾಗದ ಬರೀಬೇಡಿ. ನಿಮ್ಮ ಎರಡೂ ಕಾಗದ ಅವರ ಬ್ಯಾಗಲ್ಲೇ ಇವೆ, ಮಡಿಕೆ ಹರಿದುಹೋಗೋಷ್ಟು ಓದಿದ್ದಾರೆ. ಮೂರನೇದು ಹಾಕಿದ್ರೆ ಬ್ಯಾಗ್ ಜಿಪ್ ಹೋಗುತ್ತೆ. ಸ್ವಲ್ಪ ಕಾಯಿರಿ.

ರಮ್ಯ

(ನಾನು ಕವಿತೆ ಓದಲ್ಲ. ಆಪಾ ಕೇಳಿದ್ರು, ನೀವು ಕೇಳಿದ್ರಂತೆ.)


ದೊಡ್ಡಬಳ್ಳಾಪುರ
9 ಮೇ 2025
(ಅಂಚೆ ಕಾರ್ಡು)

18 ಭಾನುವಾರ. ಬೆಳಿಗ್ಗೆ ಆರೂವರೆ. ಮಧುರೆ. ಅಪನ್. ಇದಕ್ಕೂ ಬೇರೆ ಅರ್ಥ ಹುಡುಕಿದರೆ ನಿನ್ನ ಡಿಗ್ರಿ ವಾಪಸ್ ಕೊಡು. ಶನಿವಾರವೇ ಬಂದು ಇಲ್ಲಿ ಮಲಗು, ಮೊದಲ ಬಸ್ಸಿನ ನೆಪ ಬೇಡ. ಸಮೀರ್‌ಗೆ ನಿನ್ನ ಹೆಸರಿನಲ್ಲಿ ನಾನೇ ಒಂದು ಕಾಗದ ಬರೆದು ಕೊಟ್ಟೆ, "ಹಿಂದಿನ ಪತ್ರದಲ್ಲಿ ಬರೆದದ್ದೆಲ್ಲ ತಪ್ಪು" ಎಂದು. "ಳ್ಳಾ" ಬಾಲವನ್ನೂ ಎಳೆದಿದ್ದೇನೆ. ನಂಬಿದ. ರೊಟ್ಟಿ ತಾ. ಕೋಪ ಇನ್ನೂ ಇದೆ. ನಗ್ಮಾ


ಹೊಸಕೋಟೆ
19 ಮೇ 2025

ಪ್ರಿಯ ರಮ್ಯ,

ನಿನ್ನೆ ನೀನು ನಮ್ಮ ಹಿಂದೆ ಕೆಂಪು ಬಾವುಟ ಹಿಡಿದು ಹದಿಮೂರು ಕಿಲೋಮೀಟರ್ ಬಂದೆ. ಹಿಂದಿನಿಂದ ನಿನಗೆ ನಮ್ಮ ಬೆನ್ನು ಮಾತ್ರ ಕಂಡಿರುತ್ತದೆ. ಮುಂದೆ ನಡೆದದ್ದನ್ನು ಹೇಳಬೇಕಾದದ್ದು ನನ್ನ ಕರ್ತವ್ಯ. ಕೆಂಪು ಪೆನ್ನು ತೆಗೆದುಕೊಂಡಿಲ್ಲ. ನಿನ್ನ ಕಾಗದದಲ್ಲಿ ಒಂದೇ ತಪ್ಪಿತ್ತು, ಅದೂ ನನ್ನ ಇನಿಶಿಯಲ್ ಬಿಟ್ಟದ್ದು.

ಶನಿವಾರ ಸಂಜೆ ಹೋದಾಗ ನಗ್ಮಾ ಬಾಗಿಲು ತೆಗೆದು, "ಬಂದ್ಯಾ" ಎಂದಳು. ಊಟಕ್ಕೆ ಬಡಿಸಿದಳು. ಸಮೀರ್ ನನ್ನ ಎದುರು ಕೂತು, "ಅಕ್ಕಾ, ನಿಮ್ಮ ಎರಡನೇ ಲೆಟರ್ ಬಂತು" ಎಂದರು. ನಾನು ತಲೆ ತಗ್ಗಿಸಿ "ಹೌದು" ಎಂದೆ. ಅವರು ನಂಬಿಲ್ಲ ಎಂದು ನನಗೆ ಆಗಲೇ ತಿಳಿಯಿತು. ನಂಬಿದಂತೆ ಇರುವುದೇ ಎಲ್ಲರಿಗೂ ಅನುಕೂಲ ಎಂದು ಅವರೂ ತೀರ್ಮಾನಿಸಿದ್ದರು. ಅಷ್ಟರಮಟ್ಟಿಗೆ ಅಬ್ಬನ ಕಣ್ಣು ಅವರಿಗೂ ಬಂದಿದೆ.

ಬೆಳಿಗ್ಗೆ ನೀನು ನೋಡಿದೆಯಲ್ಲ, ಚಕ್ರ ಹಿಡಿದುಕೊಂಡೇ ಹತ್ತಿದೆ. ಅಟ್ಟದ ಮೇಲೆ ಇದ್ದಾಗ ಇದಕ್ಕೆ ಎತ್ತರವಿದೆ ಎಂದು ಅನಿಸಿರಲೇ ಇಲ್ಲ. ಸೀಟಿನ ಸ್ಪ್ರಿಂಗ್ ಕಿರ್ರೆಂದಿತು. "ನಲವತ್ತು ಅಂತ ಸುಳ್ಳು ಬರ್ದಿದ್ದೆ ಅಲ್ವಾ?" ಎಂದಳು. ಅದು ಅವಳಾಡಿದ ಮೊದಲ ನಗುವಿನ ಮಾತು.

ಹೊರಟ ಮೇಲೆ ನಾನು ಇದ್ದ ಶಕ್ತಿಯೆಲ್ಲ ಹಾಕಿ ತುಳಿದೆ. ಮೂರು ತಿಂಗಳ ತಪ್ಪನ್ನೆಲ್ಲ ತುಳಿದೇ ತೀರಿಸುವವಳಂತೆ. ಅವಳ ಮಂಡಿಗೆ ನೋವಾಗಬಾರದು, ಭಾರವೆಲ್ಲ ನನ್ನದಾಗಲಿ ಎಂದು. ಊರು ದಾಟುತ್ತಿದ್ದಂತೆ ಗಾಡಿ ಬಲಕ್ಕೆ, ರಸ್ತೆಯ ನಡುವಿಗೆ ಸರಿದದ್ದು ನಿನಗೂ ಕಂಡಿರಬೇಕು. ನೀನು ಹಿಂದೆ ಬಾವುಟ ಬೀಸಿ ಕಿರುಚಿದೆ. ಎದುರಿಗೆ ನೀರಿನ ಟ್ಯಾಂಕರ್. ನಗ್ಮಾ ಹಿಡಿಯನ್ನು ಎಳೆದು ಎಡಕ್ಕೆ ತಂದು, ಬ್ರೇಕ್ ಹಾಕಿ ನಿಲ್ಲಿಸಿದಳು. ಟ್ಯಾಂಕರಿನವನು ತಲೆ ಹೊರಗೆ ಹಾಕಿ, "ಏನಮ್ಮಾ, ಮ್ಯೂಸಿಯಂನಿಂದ ಓಡೋಗ್ತಾ ಇದೀರಾ?" ಎಂದು ಕೂಗಿ ಹೋದ.

ನಗ್ಮಾ ನನ್ನ ಕಡೆ ತಿರುಗಿದಳು. "ಲೇ ಮುನ್ನಿ, ಕ್ಷಮೆ ಕೇಳೋದು ನಿಲ್ಸು."

"ನಾನು ಬಾಯೇ ಬಿಟ್ಟಿಲ್ವಲ್ಲೇ!"

"ಕಾಲಲ್ಲಿ ಕೇಳ್ತಾ ಇದೀಯಾ. ಹೀಗೇ ಕೇಳ್ತಿದ್ರೆ ಇಬ್ರೂ ಟ್ಯಾಂಕರ್ ಕೆಳಗೆ ಹೋಗ್ತೀವಿ. ನನಗೆ ಎಷ್ಟಾಗುತ್ತೋ ಅಷ್ಟೇ ತುಳಿ. ಕಡಿಮೆನೂ ಬೇಡ, ಜಾಸ್ತಿನೂ ಬೇಡ."

ಅದು ಎಷ್ಟು ಕಷ್ಟ ಗೊತ್ತೆ? ನಿನಗೆ ಗೊತ್ತಿರಬೇಕು, ನೀನೂ ಅಲ್ಲಿ ಕೂತಿದ್ದವಳು. ಅವಳ ಬಲಮಂಡಿ ಪ್ರತಿ ಸುತ್ತಿನಲ್ಲೂ ಒಂದು ಕ್ಷಣ ತಡೆಯುತ್ತದೆ. ಆ ಕ್ಷಣ ನಾನೂ ತಡೆಯಬೇಕು. ಅವಳ ಉಸಿರು ಕೇಳುತ್ತ, ಕಾಲು ನೋಡದೆ, ತುಳಿಯುತ್ತ ಹೋದೆ. ಮಗ್ಗದ ಚೈನು ಎರಡೂ ಕಡೆ ಒಂದೇ ಸದ್ದು ಮಾಡತೊಡಗಿದ್ದು ಎಲ್ಲಿ ಎಂದು ಹೇಳಲಾರೆ. ಆಮೇಲೆ ಅವಳು ಹಿಡಿಯಿಂದ ಕೈ ತೆಗೆದು ಸೆರಗು ಸರಿಮಾಡಿಕೊಂಡಳು. ಗಾಡಿ ನೇರ ಹೋಗುತ್ತಿತ್ತು.

ಕೆರೆ ಏರಿಯ ಮೇಲೆ ಮೂವರೂ ರೊಟ್ಟಿ ತಿಂದೆವು. ಅವಳು ನಿನಗೆ ಚಟ್ನಿಯನ್ನು ನನಗಿಂತ ಒಂದು ಚಮಚ ಹೆಚ್ಚು ಬಡಿಸಿದ್ದನ್ನು ನಾನು ನೋಡಿದೆ. ನೋಡಬಾರದೆಂದುಕೊಂಡೇ ನೋಡಿದೆ. ಎಡಗಡೆ ಪೆಡಲಿನ ರಬ್ಬರಿನಲ್ಲಿ ನಿನ್ನ ಶೂಗಳ ಗೀರು ಇನ್ನೂ ಇದೆ. ಹದಿಮೂರು ಕಿಲೋಮೀಟರೂ ಅದರ ಮೇಲೇ ನನ್ನ ಚಪ್ಪಲಿಯನ್ನು ಒತ್ತಿ ಉಜ್ಜುತ್ತ ಬಂದೆ. ಹೋಗಲಿಲ್ಲ. ಉಗುರು ಕಳೆದುಕೊಂಡು ತುಕ್ಕು ತೆಗೆದವಳಿಗೆ ಇದನ್ನು ಹೇಳುವುದು ನಾಚಿಕೆಗೇಡು. ಆದರೆ ಸುಳ್ಳು ಕಾಳಜಿಯ ಕಾಗದವೊಂದನ್ನು ಬರೆದು ನೋಡಿದ್ದೇನೆ. ಇನ್ನೊಂದು ಬರೆಯಲಾರೆ.

ಜೂನ್ ಒಂದರಂದು, ಭಾನುವಾರ, ನಾವು ಮತ್ತೆ ಹೋಗುತ್ತೇವೆ. ನಿಮ್ಮ ಮನೆಯಲ್ಲೂ ತೆಲುಗು ಎಂದು ನಗ್ಮಾ ಹೇಳಿದಳು, ಹಾಗಾಗಿ ನಿನಗೆ ಬಿಡಿಸಿ ಹೇಳಬಹುದು. ಈ "ನಾವು" ಮೇಮು, ನಾವಿಬ್ಬರೇ.

ಮನಂ ಆಗಲು ನನಗೆ ಇನ್ನೂ ಸ್ವಲ್ಪ ದಿನ ಕೊಡು. ಬಾವುಟ ಮಾತ್ರ ಮರೆಯದೆ ತಾ.

ಕೆ. ಮುನಿಲಕ್ಷ್ಮಿ
(ನೀನು ಮುನ್ನಿ ಎನ್ನಬೇಡ. ಅಕ್ಕ ಎನ್ನು. ಆಂಟಿ ಬೇಡ.)